ಪೋಲೆಂಡ್, ಸ್ಪೇನ್ ಮತ್ತು ಹದಿನೈದು ಮಂದಿ

ಯಾರನ್ನೂ ನಗಿಸಬೇಕೆಂದು ನಾನು ಹೊರಟವನಲ್ಲ. ನನ್ನ ತರಗತಿಯಲ್ಲಿ ನಗುವುದಕ್ಕೆ ಅನುಮತಿ ಇಲ್ಲ. ಸ್ಟಾಫ್ ರೂಮಿಗೆ ನಾನು ಕಾಲಿಟ್ಟರೆ ನಗುತ್ತಿದ್ದವರೂ ನಿಲ್ಲಿಸುತ್ತಾರೆ. ಇಷ್ಟೆಲ್ಲ ಮುನ್ನೆಚ್ಚರಿಕೆ ಇದ್ದೂ, ಹೋದ ಊರಿನಲ್ಲೆಲ್ಲ ನನ್ನ ಸುತ್ತ ಏನಾದರೊಂದು ಆಗಿಯೇ ತೀರುತ್ತದೆ. ಆಗುವಾಗ ನನಗೆ ಸಿಟ್ಟೇ ಬರುತ್ತದೆ. ನಗು ಬರುವುದು ಭಾನುವಾರ ಮಧ್ಯಾಹ್ನ, ಕೋಣೆಯಲ್ಲಿ ಒಬ್ಬನೇ ಅಂಗಿಗೆ ಇಸ್ತ್ರಿ ಹಾಕುವಾಗ. ಆಗ ಯಾರಿಗಾದರೂ ಹೇಳೋಣವೆಂದರೆ ಇಸ್ತ್ರಿಪೆಟ್ಟಿಗೆ ಬಿಟ್ಟು ಇನ್ನೊಬ್ಬರಿರುವುದಿಲ್ಲ.

ನಾನು ಅರ್ಥಶಾಸ್ತ್ರದ ಮೇಷ್ಟ್ರು. ನನ್ನದೊಂದು ಐಚ್ಛಿಕ ಪತ್ರಿಕೆ ಇದೆ. ಒಂದು ದೇಶದಲ್ಲಿ ಕೆಲಸ ಮಾಡುತ್ತಿರುವವರನ್ನೂ ಕೆಲಸ ಹುಡುಕುತ್ತಿರುವವರನ್ನೂ ಕೂಡಿಸಿದರೆ ಬರುವುದು ಲೇಬರ್ ಫೋರ್ಸ್. ಕೆಲಸವೂ ಇಲ್ಲ, ಹುಡುಕುತ್ತಲೂ ಇಲ್ಲ ಎನ್ನುವವರು ಅದರ ಹೊರಗೆ. ಈ ಸಂಖ್ಯೆ ವರ್ಷದಿಂದ ವರ್ಷಕ್ಕೆ ಹೇಗೆ ಬದಲಾಗುತ್ತದೆ ಎಂದು ತೋರಿಸಲು ಎರಡು ದೇಶ ಇಟ್ಟುಕೊಂಡಿದ್ದೇನೆ: ಪೋಲೆಂಡ್ ಮತ್ತು ಸ್ಪೇನ್. ಗ್ರಾಫ್ ಹಾಳೆಗಳನ್ನು ಒಂದಕ್ಕೊಂದು ಅಂಟಿಸಿ ನಾನೇ ಬರೆದ ಚಿತ್ರ. ಪೋಲೆಂಡಿನದು ನೀಲಿ ಗೆರೆ, ಹೆಚ್ಚು ಏಳದೆ ಹೆಚ್ಚು ಬೀಳದೆ ಮಟ್ಟಸವಾಗಿ ಸಾಗುತ್ತದೆ. ಸ್ಪೇನಿನದು ಕೆಂಪು. ಮೊದಲು ನೀಲಿಗಿಂತ ಕೆಳಗಿತ್ತು. ಹತ್ತುತ್ತ ಹತ್ತುತ್ತ ಬಂದು, ಶತಮಾನ ಮಗ್ಗುಲು ಬದಲಿಸುವ ಹೊತ್ತಿಗೆ ನೀಲಿಯನ್ನು ದಾಟಿ ಮೇಲೆ ಹೋಗಿಬಿಟ್ಟಿತು. ಪ್ರತಿವರ್ಷ ಹೊಸ ಅಂಕಿ ಬಂದ ದಿನ ಎರಡು ಚುಕ್ಕೆ ಇಟ್ಟು ಗೆರೆ ಮುಂದುವರಿಸುತ್ತೇನೆ.

ಇವೆರಡೇ ದೇಶ ಏಕೆ ಎಂದು ಕೇಳುವವರಿದ್ದಾರೆ. ಅಲ್ಲಿ ನನಗೆ ಪರಿಚಯದವರು ಯಾರೂ ಇಲ್ಲ, ಹಾಗಾಗಿ ಪಕ್ಷಪಾತಕ್ಕೆ ಆಸ್ಪದವಿಲ್ಲ. ಆ ಲೆಕ್ಕದಲ್ಲಿ ಯಾವ ದೇಶವನ್ನು ಬೇಕಾದರೂ ತೆಗೆದುಕೊಳ್ಳಬಹುದಿತ್ತು, ಈ ದೇಶವನ್ನೂ ಸೇರಿಸಿ.

ನಮ್ಮ ಆಡಳಿತ ಮಂಡಳಿಗೆ ಇರುವುದು ನಾಲ್ಕು ಕಾಲೇಜು: ಶಿರಾ, ಪಾವಗಡ, ಕೊರಟಗೆರೆ, ಮಧುಗಿರಿ. ಮಂಡಳಿಯ ನಿಯಮವೂ ಒಂದೇ. ಐಚ್ಛಿಕ ಪತ್ರಿಕೆಗೆ ಹದಿನೈದು ಮಂದಿಗಿಂತ ಕಡಿಮೆ ಬಂದರೆ ಪತ್ರಿಕೆ ರದ್ದು, ಮೇಷ್ಟ್ರನ್ನು ಮುಂದಿನ ಊರಿಗೆ ಕಳಿಸುವುದು. ಮೂರು ಊರು ಮುಗಿಸಿ ಕಳೆದ ಜೂನಿನಲ್ಲಿ ನಾಲ್ಕನೆಯದಕ್ಕೆ ಬಂದೆ. ಇಲ್ಲಿಯೂ ರದ್ದಾದರೆ ಕಳಿಸಲು ಐದನೆಯ ಕಾಲೇಜು ಇಲ್ಲ.

೧. ಶಿರಾ: ಆ ದಿನದ ನಿರುದ್ಯೋಗಿ

ಶಿರಾದಲ್ಲಿ ಒಬ್ಬ ವಿದ್ಯಾರ್ಥಿ ಎದ್ದು ನಿಂತು ಕೇಳಿದ: "ಸಾರ್, ಕೆಲ್ಸ ಹುಡುಕ್ತಾ ಇರೋನು ಅಂತ ನೋಡಿದ್ ತಕ್ಷಣ ಹೆಂಗ್ ಗೊತ್ತಾಗ್ತದೆ?"

ಒಳ್ಳೆಯ ಪ್ರಶ್ನೆ. ಒಳ್ಳೆಯ ಪ್ರಶ್ನೆಗೆ ಕಣ್ಣಾರೆ ತೋರಿಸಿ ಉತ್ತರ ಕೊಡಬೇಕೆಂಬುದು ನನ್ನ ಕ್ರಮ. ಊರಿನ ಸರ್ಕಲ್ಲಿನಲ್ಲಿ ಬೆಳಿಗ್ಗೆ ದಿನಗೂಲಿಯವರು ಬಂದು ನಿಲ್ಲುತ್ತಾರೆ. ಗಾರೆ ಕೆಲಸದವರು, ಬಣ್ಣ ಬಳಿಯುವವರು, ಮಣ್ಣು ಹೊರುವವರು. ಮೇಸ್ತ್ರಿಗಳು ಬಂದು ಬೇಕಾದಷ್ಟು ಜನರನ್ನು ಆರಿಸಿ ಕರೆದುಕೊಂಡು ಹೋಗುತ್ತಾರೆ. ಎಂಟು ಗಂಟೆಗೆ ಅಲ್ಲಿ ಉಳಿದವರೇ ಆ ದಿನದ ನಿರುದ್ಯೋಗಿಗಳು. ಇದಕ್ಕಿಂತ ಸ್ಪಷ್ಟ ಉದಾಹರಣೆ ಯಾವ ಪುಸ್ತಕದಲ್ಲಿದೆ? ಇಪ್ಪತ್ತೆರಡು ವಿದ್ಯಾರ್ಥಿಗಳಿಗೂ ಆರೂವರೆಗೆ ನೋಟ್‌ಬುಕ್ ಸಮೇತ ಬರಲು ಹೇಳಿದೆ.

ನಾನು ಆರು ಇಪ್ಪತ್ತಕ್ಕೇ ಹೋಗಿ ನಿಂತೆ. ವಿದ್ಯಾರ್ಥಿಗಳ ಪೈಕಿ ಬಂದವನು ಒಬ್ಬ, ಅದೂ ಏಳಕ್ಕೆ. ನೋಟ್‌ಬುಕ್ ಇರಲಿಲ್ಲ. ಆ ಬಗ್ಗೆ ನಾನು ಅವನಿಗೆ ಎರಡು ಮಾತು ಹೇಳುತ್ತಿರುವಾಗ ಒಬ್ಬ ಮೇಸ್ತ್ರಿ ಟಾಟಾ ಏಸ್ ನಿಲ್ಲಿಸಿ, "ಆವೋ, ಆವೋ, ಏಳು ಜನ ಬೇಕು, ಮೋಲ್ಡಿಂಗ್ ಕೆಲಸ" ಎಂದು ಕೂಗಿದ. ಆರು ಮಂದಿ ಹತ್ತಿದರು. ಮೇಸ್ತ್ರಿ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿದ. ವಿದ್ಯಾರ್ಥಿಯ ತೋಳು ಮುಟ್ಟಿ, "ಹತ್ತು ಭಾಯ್" ಎಂದ.

ವಿದ್ಯಾರ್ಥಿ ನನ್ನ ಮುಖ ನೋಡಿದ. "ಸಾರ್, ಇವತ್ತು ಬೇರೆ ಕ್ಲಾಸ್ ಏನಿಲ್ವಲ್ಲ?" ಎಂದ. ಉತ್ತರ ಕೊಡುವ ಮೊದಲೇ ಹತ್ತಿ ಕುಳಿತಿದ್ದ.

"ನಾನು?" ಎಂದು ನಾನು ಕೇಳಿದ್ದು ಕೆಲಸಕ್ಕಲ್ಲ. ನನ್ನ ವಿದ್ಯಾರ್ಥಿಯನ್ನು ಕರೆದುಕೊಂಡು ಹೋಗುವ ಮೊದಲು ನನ್ನನ್ನು ಕೇಳಬೇಕಲ್ಲವೇ ಎಂಬರ್ಥದಲ್ಲಿ. ಮೇಸ್ತ್ರಿ ಬಹಳ ಮರ್ಯಾದೆಯಿಂದ, "ಚಾಚಾ, ನಿಮ್ಗೆ ಆಗಲ್ಲ. ಕಾಂಕ್ರೀಟ್ ಹೊರಬೇಕು. ನಾಳೆ ಬನ್ನಿ, ವಾಚ್‌ಮನ್ ಕೆಲಸ ಇದ್ರೆ ನೋಡೋಣ" ಎಂದ.

ಎಂಟು ಗಂಟೆಯವರೆಗೆ ಇನ್ನೂ ಮೂರು ಗಾಡಿ ಬಂದವು. ಆ ದಿನ ಎಲ್ಲೆಲ್ಲೂ ಕೆಲಸವಿತ್ತು. ಒಬ್ಬರನ್ನೂ ಬಿಡದೆ ಕರೆದೊಯ್ದರು. ಎಂಟಕ್ಕೆ ಸರ್ಕಲ್ಲಿನಲ್ಲಿ ನಾನು ಮತ್ತು ಒಂದು ಎಮ್ಮೆ. ಎಮ್ಮೆಗೆ ಮಾಲೀಕರಿದ್ದರು, ಬಂದು ಹೊಡೆದುಕೊಂಡು ಹೋದರು.

ಅಂಕಿ ಅಂಕಿಯೇ. ಡೈರಿ ತೆಗೆದು ಬರೆದುಕೊಂಡೆ: ಉಳಿದವರು, ಒಬ್ಬ.

೨. ಪಾವಗಡ: ನೀಲಿ ಗೆರೆಗೆ ಅರ್ಚನೆ

ಶಿರಾದಲ್ಲಿ ಇಪ್ಪತ್ತೆರಡು ಒಂಬತ್ತಾದಾಗ ನನ್ನನ್ನು ಪಾವಗಡಕ್ಕೆ ಕಳಿಸಿದರು. ಆ ತಾಲ್ಲೂಕಿನಲ್ಲಿ ಕನ್ನಡದಲ್ಲಿ ಶುರುವಾದ ವಾಕ್ಯ ತೆಲುಗಿನಲ್ಲಿ ಮುಗಿಯುತ್ತದೆ. ನಾನು ಎರಡು ಭಾಷೆ ಬೆರೆಸುವುದಿಲ್ಲವಾದ್ದರಿಂದ ಅರ್ಧ ವಾಕ್ಯಗಳಿಗೆ ಮಾತ್ರ ಉತ್ತರ ಕೊಡುತ್ತಿದ್ದೆ.

ಮೊದಲ ವಾರ ಗ್ರಾಫ್ ಬಿಡಿಸಿ ತೋರಿಸಿ, "ಪೋಲೆಂಡಿನ ಗೆರೆ ಏಕೆ ಏರಲಿಲ್ಲ?" ಎಂದು ಕೇಳಿದೆ. ಪುಸ್ತಕದ ಪ್ರಕಾರ ಇದಕ್ಕೆ ಆರು ಕಾರಣಗಳನ್ನು ಕೊಡಬಹುದು. ಹಿಂದಿನ ಬೆಂಚಿನವನೊಬ್ಬ ಕೈ ಎತ್ತಿದ.

"ಅಲ್ಲಿ ಜನ ಬೇರೆ ದೇಶಕ್ಕೆ ಕೂಲಿಗೆ ಪೋಯಿಂಟಾರು ಸಾರ್. ನಮ್ಮೂರಲ್ಲೂ ಅಂಗೇನೆ. ಅರ್ಧ ಊರು ಅನಂತಪುರದ ಕಡೆ ಐತೆ. ಎಣಿಸೋರು ಬಂದಾಗ ಮನೇಲಿ ಎವರೂ ಇರಲ್ಲ."

"ಸರಿ. ಹಾಗಾದರೆ ಈ ದೋಷವನ್ನು ಹೇಗೆ ಸರಿಪಡಿಸುತ್ತೀ?"

"ಯುಗಾದಿಗೆ ಎಣಿಸ್ಬೇಕು ಸಾರ್. ಯುಗಾದಿಗೆ ಅಂದರೂ ವಸ್ತಾರು, ಎಲ್ಲರೂ ಬಂದೇ ಬರ್ತಾರೆ."

ಪೋಲೆಂಡಿನಲ್ಲಿ ಯುಗಾದಿ ಇಲ್ಲ ಎಂದು ಹೇಳಿ ಕೂರಿಸಿದೆ. ಆದರೆ ಆರು ಕಾರಣಗಳಲ್ಲಿ ಮೊದಲನೆಯದನ್ನು ಅವನು ಪುಸ್ತಕವಿಲ್ಲದೆ ಹೇಳಿದ್ದ. ಅದನ್ನು ಅವನಿಗೆ ತಿಳಿಸಬೇಕಿತ್ತು. ಹೊಗಳುವ ಅಭ್ಯಾಸ ತಪ್ಪಿಹೋಗಿತ್ತು, ತಿಳಿಸಲಿಲ್ಲ. ಮುಂದಿನ ವಾರ ಅವನು ಪತ್ರಿಕೆ ಬದಲಿಸಿಕೊಂಡ.

ಆ ಊರಿನಲ್ಲಿ ನನ್ನ ಮನೆ ಮಾಲೀಕರು ಕಡಲೆಕಾಯಿ ವ್ಯಾಪಾರ ಬಿಟ್ಟು ಮನೆಯಲ್ಲಿದ್ದ ವಯಸ್ಸಾದವರು. ಮಹಡಿಯ ಕೋಣೆಗೆ ಬಾಡಿಗೆಗೆ ಬಂದ ದಿನವೇ ಕೇಳಿದರು: "ನಿಮ್ಮೋರು ಎಲ್ಲಿದ್ದಾರೆ ಸಾರ್?"

"ಯಾರೂ ಇಲ್ಲ."

"ಫೋನ್ ಮಾಡೋರು?"

"ಇಲ್ಲ."

ಅವರು ಗೋಡೆಯ ಮೇಲಿನ ಗ್ರಾಫನ್ನು ನೋಡಿದರು. "ಮತ್ತೆ ಇದು?"

ವಿವರಿಸಿದೆ. ಅರ್ಧ ಗಂಟೆ ನಿಂತು ಕೇಳಿದರು. ಅಷ್ಟು ಹೊತ್ತು ಕೇಳಿದವರು ಅದಕ್ಕೆ ಮೊದಲು ಯಾರೂ ಇರಲಿಲ್ಲ. ಕೊನೆಯಲ್ಲಿ ನೀಲಿ ಗೆರೆಯ ಮೇಲೆ ಬೆರಳಿಟ್ಟು, "ಪಾಪಂ, ಇದು ಯಾಕೆ ಮ್ಯಾಲಕ್ಕೆ ಏಳ್ಲಿಲ್ಲ?" ಎಂದರು. ಬಹಳ ವರ್ಷದಿಂದ ಹಾಗೇ ಇದೆ ಎಂದೆ.

ಅಂದಿನಿಂದ ದಿನಾ ಬೆಳಿಗ್ಗೆ ನಾನು ಮೆಟ್ಟಿಲಿಳಿಯುವಾಗ ಅವರು ಜಗುಲಿಯಿಂದ ಕೇಳುವರು: "ಸಾರ್, ಪೋಲೆಂಡ್ ಎಲಾ ಉಂದಿ?" ಹೇಗಿದೆ ಎಂದು. ವರ್ಷಕ್ಕೊಮ್ಮೆ ಮಾತ್ರ ಅಂಕಿ ಬರುತ್ತದೆ ಎಂದು ಎಷ್ಟು ಸಲ ಹೇಳಿದರೂ ಬಿಡಲಿಲ್ಲ. ನಾನೂ "ಹಾಗೇ ಇದೆ" ಎನ್ನತೊಡಗಿದೆ. ಆರು ವರ್ಷದಲ್ಲಿ ನಾನು ಹೇಗಿದ್ದೇನೆ ಎಂದು ಪಾವಗಡದಲ್ಲಿ ಯಾರೂ ಕೇಳಿದ ನೆನಪಿಲ್ಲ. ಪೋಲೆಂಡನ್ನು ಒಂದು ದಿನವೂ ತಪ್ಪಿಸಲಿಲ್ಲ.

ಒಂದು ಮಂಗಳವಾರ ಅವರು ಮಹಡಿ ಹತ್ತಿ ಬಂದು ಕೈಗೆ ತೆಂಗಿನಕಾಯಿ ಹೋಳು, ಹೂವು, ಕುಂಕುಮ ಕೊಟ್ಟರು. ನಾಗಲಮಡಿಕೆ ಸುಬ್ರಹ್ಮಣ್ಯನ ಗುಡಿಗೆ ಹೋಗಿದ್ದರಂತೆ.

"ಪೋಲೆಂಡ್ ಹೆಸರಲ್ಲಿ ಅರ್ಚನೆ ಮಾಡಿಸಿಬಿಟ್ಟೆ ಸಾರ್."

"ದೇಶಕ್ಕೆ ಅರ್ಚನೆಯೇ? ಅರ್ಚಕರು ಒಪ್ಪಿದರೇ?"

"ಯಾರಿಗೆ ಅಂತ ಕೇಳಿದ್ರು. ನಮ್ಮ ಸಾರ್‌ಗೆ ಬೇಕಾದೋರು, ಬಹಳ ದಿನದಿಂದ ಏಳ್ಗೆ ಇಲ್ಲ ಅಂದೆ. ಗೋತ್ರ ಕೇಳಿದ್ರು, ತೆಲೀದು ಅಂದೆ. ಗೊತ್ತಿಲ್ಲದೋರಿಗೆಲ್ಲ ಕಾಶ್ಯಪ ಗೋತ್ರ ಅಂತ ಸೇರಿಸಿದ್ರು."

ಆ ವರ್ಷದ ಅಂಕಿ ಬಂದಾಗ ನೀಲಿ ಗೆರೆ ಕೂದಲೆಳೆಯಷ್ಟು ಮೇಲೆದ್ದಿತ್ತು. ನಾನು ಸತ್ಯವಂತ, ಮುಚ್ಚಿಡಲಿಲ್ಲ. ಹೇಳಿ, ಇದಕ್ಕೂ ಅರ್ಚನೆಗೂ ಸಂಬಂಧವಿಲ್ಲ ಎಂದು ಸ್ಪಷ್ಟಪಡಿಸಿದೆ. ಅವರು ತಲೆಯಾಡಿಸಿ, "ಗೋತ್ರ ಸರಿಯಾಗಿ ಗೊತ್ತಿದ್ದಿದ್ರೆ ಇನ್ನೂ ಏರ್ತಿತ್ತು ಸಾರ್" ಎಂದರು.

೩. ಕೊಳಾಲ: ಸುಮ್ಕಿರೋ ಅಜ್ಜಿ

ಪಾವಗಡದಲ್ಲಿ ಏಳು ಮಂದಿ ಉಳಿದಾಗ ಕೊರಟಗೆರೆ. ಅಲ್ಲಿಯ ವಿದ್ಯಾರ್ಥಿನಿಯೊಬ್ಬಳು ಅದೇ ತಾಲ್ಲೂಕಿನ ಕೊಳಾಲದ ತನ್ನ ಬೀದಿಯ ಸಮೀಕ್ಷೆ ಮಾಡಿ ತಂದಿದ್ದಳು. ತನ್ನ ಸ್ವಂತ ಅಜ್ಜಿಯ ಎದುರಿಗೆ "ಕೆಲಸವಿಲ್ಲ, ಹುಡುಕುತ್ತಲೂ ಇಲ್ಲ" ಎಂದು ಬರೆದಿದ್ದಳು. ನನಗೆ ಅನುಮಾನ ಬಂದು, ಪರಿಶೀಲನೆಗೆಂದು ಶನಿವಾರ ಬಸ್ಸು ಹತ್ತಿ ಹೋದೆ.

ಅಜ್ಜಿ ಅಂಗಳದಲ್ಲಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ನಾನು ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಕನ್ನಡ ಕಲಿತದ್ದು ಶ್ರದ್ಧೆಯಿಂದ, ಪುಸ್ತಕದಿಂದ. ಕೇಳಿದೆ: "ಅಮ್ಮಾ, ಕಳೆದ ಏಳು ದಿನಗಳಲ್ಲಿ ತಾವು ಕನಿಷ್ಠ ಒಂದು ಗಂಟೆಯಾದರೂ ಆರ್ಥಿಕ ಚಟುವಟಿಕೆಯಲ್ಲಿ ತೊಡಗಿದ್ದಿರಾ?"

ಅಜ್ಜಿ ಮೊಮ್ಮಗಳ ಕಡೆ ತಿರುಗಿದರು. "ಏನಂತೆ ಕಣಮ್ಮ ಇವ್ರುದು?"

"ಕೆಲ್ಸ ಏನಾರ ಮಾಡ್ತೀಯಾ ಅಂತ ಕೇಳ್ತಾವ್ರೆ ಕಣಜ್ಜಿ."

"ಅಯ್ಯೋ, ನಂದೇನಪ್ಪಾ ಕೆಲ್ಸ. ವಯಸ್ಸಾಯ್ತು, ಮನೇಲಿ ಸುಮ್ಕಿದೀನಿ. ಬಿಸ್ಲಾಗೆ ಯಾಕ್ ನಿಂತೀರಿ, ಇಂಗ್ ಬನ್ನಿ. ಆ ಹಸ ಹಗ್ಗ ಬಿಚ್ಕತೈತೆ, ಒಸಿ ಹಿಡ್ಕಳಿ."

ಹಗ್ಗ ಹಿಡಿದುಕೊಂಡೆ. ಅಜ್ಜಿ ಹಾಲು ಕರೆದು, ಡೇರಿಗೆ ಕೊಟ್ಟು ಬಂದರು. ಬಂದವರೇ ಸೇವಂತಿಗೆ ಹೂವಿನ ಚೀಲದ ಬಾಯಿ ಹೊಲಿದು ಸಂತೆಗೆ ಹೋಗುವ ಆಟೋಗೆ ಹಾಕಿಸಿದರು. ನನ್ನ ಮುಂದೆ ಒಂದು ಮೊರ ಇಟ್ಟು, "ಕೈ ಖಾಲಿ ಐತಲ್ಲ, ಬೀಜ ಬುಡ್ಸಿ" ಎಂದರು. ನಾನು ಬಿಡಿಸಿದ ಹುಣಸೆಹಣ್ಣಿನಲ್ಲಿ ನಾರು ಉಳಿದಿತ್ತಂತೆ, ವಾಪಸ್ಸು ಕೊಟ್ಟರು. ಎರಡನೆಯ ಸಲ ಸರಿಯಾಗಿ ಮಾಡಿದೆ. ಜೀವನದಲ್ಲಿ ನನ್ನ ಕೆಲಸವನ್ನು ವಾಪಸ್ಸು ಕೊಟ್ಟವರು ಅವರೊಬ್ಬರೇ. ಅವರ ಬಗ್ಗೆ ನನಗೆ ಗೌರವ ಮೂಡಿತು.

ಎರಡೂವರೆ ಗಂಟೆ ಕಳೆದ ಮೇಲೆ ಕಾಫಿ ಕೊಡುತ್ತ ಅಜ್ಜಿ ಕೇಳಿದರು: "ಅದಿರ್ಲಿ, ನೀವೇನ್ ಕೆಲ್ಸ ಮಾಡ್ತೀರಿ?"

"ಎರಡು ದೇಶಗಳಲ್ಲಿ ಕೆಲಸ ಮಾಡುವವರು ಎಷ್ಟು ಮಂದಿ ಅಂತ ವರ್ಷ ವರ್ಷ ಹೋಲಿಸಿ ನೋಡುತ್ತೇನೆ."

"ಅವ್ರೇನ್ ನಿಮ್ ಕೈಲಿ ಕೆಲ್ಸ ಮಾಡೋರಾ?"

"ಅಲ್ಲ."

"ನೀವು ನೋಡ್ದೇ ಇದ್ರೆ ಮಾಡಾಕಿಲ್ವಾ?"

"ಹಾಗೇನಿಲ್ಲ, ಮಾಡುತ್ತಾರೆ."

ಅಜ್ಜಿ ಲೋಟ ತೆಗೆದುಕೊಂಡು ಏಳುತ್ತ ಸಮಾಧಾನದ ದನಿಯಲ್ಲಿ ಹೇಳಿದರು: "ಬುಡಿ, ಅಂಗಾರೆ ನೀವೂ ನನ್ನಂಗೇ. ಸುಮ್ಕಿದೀರಿ ಅನ್ನಿ."

೪. ಕೊರಟಗೆರೆ: ಹಾಜರಿ

ಕೊರಟಗೆರೆಯ ಕೊನೆಯ ವರ್ಷ ಪಟ್ಟಿಯಲ್ಲಿ ನಾಲ್ಕು ಹೆಸರು, ಬರುತ್ತಿದ್ದವನು ಒಬ್ಬ. ಆ ವರ್ಷ ಮುಗಿಸಿಕೊಟ್ಟು ಮಧುಗಿರಿಗೆ ಹೋಗಬೇಕೆಂದು ಆಗಲೇ ಪತ್ರ ಬಂದಿತ್ತು. ಒಬ್ಬನೇ ಇದ್ದರೂ ನಾಲ್ಕು ಹೆಸರನ್ನೂ ಕೂಗಿ ಹಾಜರಿ ಹಾಕುತ್ತಿದ್ದೆ.

ಒಂದು ದಿನ ಆ ಒಬ್ಬನೂ ಸ್ನೇಹಿತರ ಜೊತೆ ಸಿದ್ದರಬೆಟ್ಟ ಹತ್ತಲು ಹೋದ. ವೇಳಾಪಟ್ಟಿಯಲ್ಲಿ ತರಗತಿ ಇತ್ತು. ವಿದ್ಯಾರ್ಥಿ ಬರದಿದ್ದರೆ ಪಾಠ ಮಾಡಬಾರದೆಂದು ಎಲ್ಲೂ ಬರೆದಿಲ್ಲ. ನಾಲ್ಕು ಹೆಸರು ಕೂಗಿ, ನಾಲ್ಕು ಗೈರುಹಾಜರಿ ಹಾಕಿ, ಗ್ರಾಫ್ ತೂಗುಹಾಕಿ ಶುರು ಮಾಡಿದೆ. ಮೊದಲ ಐದು ನಿಮಿಷ ಮುಜುಗರವಾಯಿತು. ಆಮೇಲೆ ಒಳ್ಳೆಯ ಓಟ ಸಿಕ್ಕಿತು. ಯಾರೂ ಗಡಿಯಾರ ನೋಡುತ್ತಿರಲಿಲ್ಲ, ಯಾರೂ ಆಕಳಿಸಲಿಲ್ಲ. ಕೆಂಪು ಗೆರೆ ನೀಲಿಯನ್ನು ದಾಟುವ ಜಾಗಕ್ಕೆ ಬಂದು ತಿರುಗಿ ನೋಡಿದರೆ ಕೊನೆಯ ಬೆಂಚಿನಲ್ಲಿ ಅಟೆಂಡರ್ ಕುಳಿತಿದ್ದ, ಮಡಿಲಲ್ಲಿ ಬೀಗದ ಗೊಂಚಲು.

"ಯಾವಾಗ ಬಂದೆ?"

"ಕಾಲು ಗಂಟೆ ಆಯ್ತು ಸಾ. ರೂಮು ಬೀಗ ಹಾಕ್ಬೇಕಿತ್ತು. ನೀವು ಸ್ಪೇನಲ್ಲಿದ್ರಿ. ಕರುದ್ರೆ ಚೆನ್ನಾಗಿರಾಕಿಲ್ಲ ಅಂತ ಕುಂತೆ."

"ಕುಳಿತ ಮೇಲೆ ಕೇಳಬೇಕು. ಏನು ಅರ್ಥವಾಯಿತು?"

ಅವನು ಎದ್ದು ನಿಂತ. ಇಪ್ಪತ್ತು ವರ್ಷದಿಂದ ಆ ಕಾಲೇಜಿನಲ್ಲಿದ್ದವನನ್ನು ಯಾರೂ ಪ್ರಶ್ನೆ ಕೇಳಿರಲಿಲ್ಲವೆಂದು ಕಾಣುತ್ತದೆ. ಗಂಟಲು ಸರಿ ಮಾಡಿಕೊಂಡು ಹೇಳಿದ: "ಕೆಂಪೋನು ಮುಂದಕ್ಕೋದ ಸಾ. ನೀಲಿಯೋನು ಇದ್ದಂಗೇ ಅವ್ನೆ. ಆದ್ರೆ ನೀಲಿಯೋನು ಬಿದ್ದಿಲ್ಲ. ಅದ್ನ ನೀವು ಹೇಳ್ತಾನೇ ಇಲ್ಲ."

ಹದಿನೇಳು ವರ್ಷದ ಪಾಠದಲ್ಲಿ ಅದನ್ನು ನಾನು ನಿಜವಾಗಿಯೂ ಹೇಳಿರಲಿಲ್ಲ. ಸೀಮೆಸುಣ್ಣ ಕೆಳಗಿಟ್ಟು, "ಸರಿಯಾದ ಉತ್ತರ" ಎಂದೆ.

"ಅಂಗಾರೆ ಹಾಜರಿ ಹಾಕಿ ಸಾ" ಎಂದ.

ಪಟ್ಟಿಯಲ್ಲಿ ಹೆಸರಿಲ್ಲದವನಿಗೆ ಹಾಜರಿ ಹಾಕಲು ಬರುವುದಿಲ್ಲ. ಹಾಗೆಂದು ಹೇಳಿದೆ. ಅವನಿಗೆ ಬೇಸರವಾಯಿತು, ಮತ್ತೆಂದೂ ತರಗತಿಗೆ ಬರಲಿಲ್ಲ. ಹೀಗೆ ಕೊರಟಗೆರೆಯಲ್ಲಿ ನಾನು ಪಟ್ಟಿಯಲ್ಲಿಲ್ಲದ ವಿದ್ಯಾರ್ಥಿಯನ್ನೂ ಕಳೆದುಕೊಂಡೆ.

೫. ಮಧುಗಿರಿ: ಒಂದು ಒಲೆಯವರು

ಮಧುಗಿರಿಯಲ್ಲಿ ಹೆಸರು ಕೊಟ್ಟವರು ಸರಿಯಾಗಿ ಹದಿನೈದು. ಮೂರು ವಾರ ಪಾಠ ಕೇಳಿ ನೋಡಬಹುದು. ಮೂರನೆಯ ಶನಿವಾರ ಸಂಜೆ ಐದಕ್ಕೆ ಪಟ್ಟಿ ಮುಚ್ಚುತ್ತದೆ. ಅಷ್ಟರೊಳಗೆ ಒಬ್ಬರು ಹೋದರೂ ಪತ್ರಿಕೆ ಮುಗಿಯಿತು, ಅದರ ಜೊತೆ ನಾನೂ. ಪಕ್ಕದ ಕೋಣೆಯಲ್ಲಿ ಗ್ರಾಮೀಣ ಬ್ಯಾಂಕಿಂಗ್ ಪತ್ರಿಕೆ ಇತ್ತು. ಅದರ ಮೇಷ್ಟ್ರು ಉತ್ತರಪತ್ರಿಕೆಯನ್ನು ಕೈಯಲ್ಲಿ ಹಿಡಿದು ತೂಕ ನೋಡಿ ಮಾರ್ಕ್ಸ್ ಹಾಕುವವರು. ಅವರೇ ಬಂದು ಸ್ನೇಹದಿಂದ ಹೇಳಿದರು: "ಸಾರ್, ಈ ಒಂದು ವಾರ ಕೆಂಪು ಪೆನ್ನು ಮುಚ್ಚಿಡಿ."

"ತಪ್ಪು ವಾರ ನೋಡಿಕೊಂಡು ಬರುವುದಿಲ್ಲ" ಎಂದೆ.

ಕೊನೆಯ ವಾರದ ಕೆಲಸವೆಂದು ಒಬ್ಬೊಬ್ಬರಿಗೆ ಒಂದೊಂದು ಬೀದಿ ಕೊಟ್ಟು, ಮನೆಮನೆಗೆ ಹೋಗಿ ಲೇಬರ್ ಫೋರ್ಸ್ ಲೆಕ್ಕ ತರಲು ಹೇಳಿದ್ದೆ. ಕುಟುಂಬ ಎಂದರೇನು ಎಂಬುದನ್ನು ಬೋರ್ಡಿನ ಮೇಲೆ ಬರೆದು, ನೋಟ್ಸ್‌ನಲ್ಲೂ ಬರೆಸಿದ್ದೆ: ಒಂದೇ ಒಲೆಯಲ್ಲಿ ಬೇಯಿಸಿದ್ದನ್ನು ಉಣ್ಣುವವರು ಒಂದು ಕುಟುಂಬ. ಬೀಗ ಹಾಕಿದ ಮನೆಗೆ ಮೂರು ಸಲ ಹೋಗಬೇಕು. ತಪ್ಪು ಬಂದರೆ ಅದೇ ಮನೆಗೆ ಮತ್ತೆ ಹೋಗಿ ಕೇಳಿ ತಿದ್ದಬೇಕು.

ಗುರುವಾರ ಒಬ್ಬ ವಿದ್ಯಾರ್ಥಿನಿಯ ಪುಸ್ತಕ ತಿದ್ದಲು ತೆಗೆದೆ. ಅವಳಿಗೆ ಬಂದಿದ್ದ ಬೀದಿ ನಾನು ಬಾಡಿಗೆಗಿರುವ ಬೀದಿಯೇ. ಹನ್ನೊಂದನೆಯ ಮನೆ ನನ್ನದು. ಎದುರಿಗೆ ದುಂಡನೆಯ ಅಕ್ಷರದಲ್ಲಿ ಬರೆದಿದ್ದಳು: "ಬೀಗ ಹಾಕಿದೆ. ಜನವಾಸವಿಲ್ಲ. ಅಕ್ಕಪಕ್ಕದವರ ಹೇಳಿಕೆ."

ಅವಳನ್ನು ಕರೆಸಿದೆ. "ಅಕ್ಕಪಕ್ಕದವರು ನಿಖರವಾಗಿ ಏನು ಹೇಳಿದರು?"

ಅವಳು ನೆಲ ನೋಡಿಕೊಂಡು ಹೇಳಿದಳು: "ಯಾರೋ ಗೋಡೌನ್ ಮಾಡ್ಕೊಂಡವ್ರೆ ಅಂದ್ರು ಸಾರ್. ಬೆಳಿಗ್ಗೆ ಬೀಗ ಹಾಕೋ ಸದ್ದು, ಸಂಜೆ ಬೀಗ ತೆಗ್ಯೋ ಸದ್ದು ಬರುತ್ತಂತೆ. ಮಾತು ಕೇಳ್ಸಲ್ವಂತೆ."

"ಅದು ನನ್ನ ಮನೆ."

"ಗೊತ್ತಾಯ್ತು ಸಾರ್. ಆಮೇಲೆ ಗೊತ್ತಾಯ್ತು. ಅದಕ್ಕೇ ನಿಮ್ಮನ್ನ ಬಿಟ್ಟಿಲ್ಲ, ಮುಂದಿನ ಪುಟದಲ್ಲಿ ಸೇರಿಸಿದ್ದೀನಿ."

ಪುಟ ತಿರುಗಿಸಿದೆ. ಹದಿನಾಲ್ಕನೆಯದು ಮೆಸ್ಸಿನ ಮನೆ. ನಾನು ಎರಡು ಹೊತ್ತೂ ಊಟ ಮಾಡುವುದು ಅಲ್ಲಿ. ಗಂಡ ಹೆಂಡತಿ ನಡೆಸುವ ಮೆಸ್ಸು. ಮುದ್ದೆ, ಅನ್ನ, ಸಾರು. ಸಾರಿಗೆ ಉಪ್ಪು ಹೆಚ್ಚಾಗಿರುವುದನ್ನು ದಿನವೂ ಆಕೆಯ ಗಮನಕ್ಕೆ ತರುತ್ತೇನೆ. ಬೇರೆ ಮಾತು ಇಲ್ಲ. ಆ ಕುಟುಂಬದಲ್ಲಿ ಗಂಡ, ಹೆಂಡತಿ, ಮೂವರು ಮಕ್ಕಳು, ಆರನೆಯದಾಗಿ ನನ್ನ ಹೆಸರು. ಮನೆಯೊಡತಿಗೆ ಏನಾಗಬೇಕು ಎಂಬ ಕಾಲಮ್ಮಿನಲ್ಲಿ: "ಮಾವ".

"ಇದೇನು?"

"ಒಂದೇ ಒಲೆಯಲ್ಲಿ ಬೇಯಿಸಿದ್ದು ಉಣ್ಣೋರು ಅಂತ ಕೇಳ್ದೆ ಸಾರ್, ಮೇಷ್ಟ್ರೂ ಸೇರಿ ಆರು ಜನ ಅಂದ್ರು. ಏನಾಗ್ಬೇಕು ಅಂತ ಕೇಳ್ದೆ. ಅವ್ರು ಸ್ವಲ್ಪ ಯೋಚ್ನೆ ಮಾಡಿದ್ರು. ದಿನಾ ಕುಂತು ಸಾರಿಗೆ ಉಪ್ಪು ಜಾಸ್ತಿ ಅನ್ನೋನು ಒಂದು ಗಂಡ ಆಗ್ಬೇಕು, ಇಲ್ಲಾ ಮಾವ ಆಗ್ಬೇಕು. ಗಂಡ ಇಲ್ಲೇ ಅವ್ನೆ, ಮಾವ ಅಂತ ಬರ್ಕೊ ಅಂದ್ರು."

"ದುಡ್ಡು ಕೊಟ್ಟು ಮೆಸ್ಸಿನಲ್ಲಿ ಉಣ್ಣುವ ಒಂಟಿ ಮನುಷ್ಯ ಒಂದು ಪ್ರತ್ಯೇಕ ಕುಟುಂಬ. ಅವನನ್ನು ಬೇರೆಯವರ ಜೊತೆ ಸೇರಿಸಬಾರದು."

"ಹಂಗಂತ ನೀವು ಬರೆಸಿಲ್ಲ ಸಾರ್."

ನೋಟ್ಸ್ ತೆಗೆದು ನೋಡಿದೆ. ಬರೆಸಿರಲಿಲ್ಲ. ಇಷ್ಟು ವರ್ಷದಲ್ಲಿ ಆ ಒಂದು ವಾಕ್ಯ ಬಿಟ್ಟುಹೋಗಿದ್ದು ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಹಾಗೆಂದು ತಪ್ಪು ಸರಿಯಾಗುವುದಿಲ್ಲ. ಕೆಂಪು ಪೆನ್ನು ತೆಗೆದು ಅವಳ ಪುಸ್ತಕದಲ್ಲಿ ಬರೆದೆ: "ತಪ್ಪು. ಮನೆ ಸಂಖ್ಯೆ ಹನ್ನೊಂದು, ಒಬ್ಬನೇ ಇರುವ ಕುಟುಂಬ." ಬರೆದು ಸಹಿ ಹಾಕಿದೆ. ಇಪ್ಪತ್ತೈದಕ್ಕೆ ಹತ್ತು ಮಾರ್ಕ್ಸ್ ಕಳೆದೆ. ಅವಳು ಪುಸ್ತಕ ತೆಗೆದುಕೊಂಡು ಹೋದಳು. ಹೋದದ್ದು ಬ್ಯಾಂಕಿಂಗ್ ಮೇಷ್ಟ್ರ ಕೋಣೆಯ ಕಡೆ.

ಶನಿವಾರ ಮಧ್ಯಾಹ್ನದಿಂದ ಸ್ಟಾಫ್ ರೂಮಿನಲ್ಲಿ ಕುಳಿತೆ. ಗ್ರಾಫನ್ನು ಸುತ್ತಿ ದಾರ ಕಟ್ಟಿಟ್ಟೆ. ಐದೂ ಹತ್ತಕ್ಕೆ ಗುಮಾಸ್ತರು ಪಟ್ಟಿ ತಂದು ಮೇಜಿನ ಮೇಲಿಟ್ಟರು. ಎಣಿಸಿದೆ. ಇನ್ನೊಮ್ಮೆ ಎಣಿಸಿದೆ. ಹದಿನೈದು.

ವರಾಂಡದಲ್ಲಿ ಆ ಹುಡುಗಿ ಸಿಕ್ಕಳು. ನಾನು ಯಾರನ್ನೂ ಇಂಥದ್ದು ಕೇಳುವವನಲ್ಲ, ಕೇಳಿದೆ. "ನೀನು ಪತ್ರಿಕೆ ಬದಲಿಸಲಿಲ್ಲವೇ?"

"ಬದಲಿಸೋಣ ಅಂತಾನೇ ಇದ್ದೆ ಸಾರ್. ಫಾರಂ ಕೂಡ ತಗೊಂಡಿದ್ದೆ."

"ಮತ್ತೆ?"

"ಬಿಟ್ಟು ಹೋಗೋಕೆ ನಿಮ್ಮ ಸಹಿ ಬೇಕಂತೆ ಸಾರ್. ನಿಮ್ಮ ಹತ್ರ ಬಂದು ಕೇಳೋಕೆ ಭಯ ಆಯ್ತು."

ಈ ಕಾಲೇಜಿನಲ್ಲಿ ಅಂಥ ನಿಯಮವಿದೆ ಎಂದು ನನಗೆ ಗೊತ್ತೇ ಇರಲಿಲ್ಲ. ಉಳಿದ ಹದಿನಾಲ್ಕು ಮಂದಿಯಲ್ಲಿ ಎಷ್ಟು ಜನರ ಚೀಲದಲ್ಲಿ ಆ ಫಾರಂ ಇದೆ ಎಂದು ನಾನು ವಿಚಾರಿಸಲಿಲ್ಲ. ಸಮೀಕ್ಷೆ ಎಲ್ಲಿ ನಿಲ್ಲಿಸಬೇಕೆಂಬುದೂ ಒಂದು ವಿದ್ಯೆ.

ಸೋಮವಾರ ಮಧ್ಯಾಹ್ನ ಮೆಸ್ಸಿಗೆ ಹೋದೆ. ಅಲ್ಲಿ ಹತ್ತು ಹನ್ನೆರಡು ಮಂದಿ ಉಣ್ಣುತ್ತಿದ್ದರು. ಆಕೆ ನನ್ನ ತಟ್ಟೆಗೆ ಮುದ್ದೆ ಇಟ್ಟು, ಮುಂದೆ ಹೋಗದೆ ಅಲ್ಲೇ ನಿಂತರು.

"ಏನ್ ಸಾ, ನಿನ್ನೆ ಆ ಹುಡ್ಗಿ ಬಂದಿದ್ಲು. ಬುಕ್ಕಿನಾಗೆ ನಿಮ್ ಹೆಸ್ರು ಹೊಡ್ದಾಕ್ಬೇಕು, ಹೂ ಅನ್ನಿ ಅಂದ್ಲು."

"ಹೌದು. ಅದು ತಪ್ಪು. ನಾನು ನಿಮ್ಮ ಮಾವ ಅಲ್ಲ."

"ಅದ್ ನಂಗೊತ್ತಿಲ್ವಾ. ನಮ್ ಮಾವ ಉಪ್ಪು ಸಾಲ್ದು ಅಂತಿದ್ರು."

"ಹಾಗಾದರೆ ತೆಗೆಸಿದಿರಿ ತಾನೆ?"

"ಇಲ್ಲ. ಆಗಾಕಿಲ್ಲ ಅಂದೆ."

"ಏಕೆ?"

ಆಕೆ ಸೌಟನ್ನು ಪಾತ್ರೆಯೊಳಗಿಟ್ಟು, ಸುತ್ತ ಉಣ್ಣುತ್ತಿದ್ದವರಿಗೂ ಕೇಳಿಸುವಂತೆ ಹೇಳಿದರು: "ಒಂದ್ಸಲ ಬರ್ಸಿ ಆಗೈತೆ. ಈಗ ಹೊಡ್ದಾಕ್ಸುದ್ರೆ ಬೀದಿಯೋರು ಏನಂದಾರು? ವಯಸ್ಸಾದ ಮಾವನ್ನ ಮನೆಯಿಂದ ಆಚೆಗಾಕುದ್ಲು ಅಂತ ನನ್ನ ಆಡ್ಕೊಳಾಕಿಲ್ವಾ?"

ಕುಟುಂಬ ಎಂಬುದರ ವ್ಯಾಖ್ಯೆಯನ್ನು ಮೊದಲಿನಿಂದ ಹೇಳಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಒಳಬಾಗಿಲಲ್ಲಿ ಕುಳಿತು ಹುರುಳಿಕಾಯಿ ನಾರು ತೆಗೆಯುತ್ತಿದ್ದ ಆಕೆಯ ಗಂಡ, ನನಗಿಂತ ಎರಡೇ ವರ್ಷ ಚಿಕ್ಕವನು, ತಲೆಯ ಕೂದಲು ನನ್ನದಕ್ಕಿಂತ ಬೆಳ್ಳಗಾದವನು, ಕೆಲಸದಿಂದ ಕಣ್ಣೆತ್ತದೆ ಕೇಳಿದ:

"ಇನ್ನೊಂದ್ ಸೌಟು ಸಾರು ಬುಡ್ಸನಾ, ಅಪ್ಪಾ?"

ಇಡೀ ಮೆಸ್ಸು ನಕ್ಕಿತು. ನಾನು ತಟ್ಟೆಯನ್ನು ಮುಂದಕ್ಕೆ ಸರಿಸಿದೆ.